ಹಿಡಿದು ಬಿಡುವ ನದಿಯಲ್ಲಿ ಗಾಳ ಹಾಕುವ ಮುನ್ನ: ಮ್ಯಾಡಿಸನ್ ನದಿಯ ಟ್ರೌಟ್, ನಿಯಮ ಮತ್ತು ನಡವಳಿಕೆ

ಅಮೆರಿಕದ ಯೆಲ್ಲೊಸ್ಟೋನ್ ನೋಡಲು ಹೋಗುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ. ಬಿಸಿನೀರಿನ ಬುಗ್ಗೆ, ಬೈಸನ್ ಹಿಂಡು ಎಲ್ಲ ನೋಡಿದ ಮೇಲೆ, ರಸ್ತೆ ಪಕ್ಕದ ನದಿಯಲ್ಲಿ ತೊಡೆಮಟ್ಟ ನೀರಿಗಿಳಿದು ಗಾಳ ಬೀಸುವವರು ಕಣ್ಣಿಗೆ ಬೀಳುತ್ತಾರೆ. ನಾವೂ ಒಂದು ಕೈ ನೋಡೋಣ ಅನಿಸುತ್ತದೆ. ಅಲ್ಲಿನ ಊರುಗಳಲ್ಲಿ ಅಂಗಡಿಗೆ ಹೋದರೆ ಅರ್ಧ ಗಂಟೆಯಲ್ಲಿ ರಾಡು, ಲೈಸೆನ್ಸು ಎರಡೂ ಕೈಗೆ ಬರುತ್ತವೆ. ಆದರೆ ನದಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಈ ಬರಹ ಅದಕ್ಕಾಗಿ.

ನಾನು ಮ್ಯಾಡಿಸನ್ ನದಿಯನ್ನೇ ಆರಿಸಿಕೊಂಡಿದ್ದೇನೆ. ಫೈರ್‌ಹೋಲ್ ಮತ್ತು ಗಿಬ್ಬನ್ ಎಂಬ ಎರಡು ಹೊಳೆಗಳು ಯೆಲ್ಲೊಸ್ಟೋನ್ ಪಾರ್ಕಿನೊಳಗೆ ಮ್ಯಾಡಿಸನ್ ಜಂಕ್ಷನ್ ಹತ್ತಿರ ಸೇರಿ ಈ ನದಿಯಾಗುತ್ತದೆ. ಪಾರ್ಕಿನಿಂದ ಹೊರಬಂದು ಮೊಂಟಾನಾ ರಾಜ್ಯದಲ್ಲಿ ಹೆಬ್ಗೆನ್ ಜಲಾಶಯ, 1959ರ ಭೂಕಂಪದಲ್ಲಿ ಗುಡ್ಡ ಕುಸಿದು ಹುಟ್ಟಿದ ಕ್ವೇಕ್ ಲೇಕ್, ಆಮೇಲೆ ಎನ್ನಿಸ್ ಊರು ದಾಟುತ್ತದೆ. ಕೊನೆಗೆ ತ್ರೀ ಫೋರ್ಕ್ಸ್ ಬಳಿ ಜೆಫರ್ಸನ್, ಗ್ಯಾಲಟಿನ್ ನದಿಗಳ ಜೊತೆ ಕೂಡಿ ಮಿಸೌರಿ ಆಗುತ್ತದೆ. ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವವರ ನಡುವೆ ಇದಕ್ಕೆ ದೊಡ್ಡ ಹೆಸರು. ಹಿಡಿದ ಮೀನನ್ನು ಜೀವಂತವಾಗಿ ನೀರಿಗೇ ಬಿಡುವುದು ಇಲ್ಲಿನ ರೀತಿ.

ತಿನ್ನೋದಿಲ್ಲ ಅಂದಮೇಲೆ ಹಿಡಿಯೋದ್ಯಾಕೆ ಅಂತ ಮನೆಯಲ್ಲಿ ಅಜ್ಜಿಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಾವೇರಿಯಲ್ಲೂ ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿದು ತೂಕ ನೋಡಿ ಬಿಡುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ವನ್ಯಧಾಮದೊಳಗೆ ಇದು ಸರಿಯೇ ಎಂಬ ವಾದ ಎದ್ದು ಆಮೇಲೆ ನಿಂತಿತು. ನನ್ನ ಮಟ್ಟಿಗೆ ಉತ್ತರ ಇಷ್ಟು: ನಮ್ಮ ಖುಷಿಗಾಗಿ ಒಂದು ಜೀವಕ್ಕೆ ಗಾಳ ಚುಚ್ಚಿದ ಮೇಲೆ ಅದು ಬದುಕಿ ಉಳಿಯುವಂತೆ ನೋಡಿಕೊಳ್ಳುವ ಹೊಣೆ ನಮ್ಮದೇ. ಮೀನನ್ನು ಬಿಡುವ ಕೆಲಸ ಕೈ ಸಡಿಲಿಸುವ ಹೊತ್ತಿಗೆ ಶುರುವಾಗೋದಲ್ಲ. ಯಾವ ಗಾಳ ಕೊಳ್ಳುತ್ತೀರಿ, ಯಾವ ಹೊತ್ತಿಗೆ ನೀರಿಗಿಳಿಯುತ್ತೀರಿ ಎಂಬಲ್ಲೇ ಅದು ಅರ್ಧ ತೀರ್ಮಾನವಾಗಿರುತ್ತದೆ.

ಹಂತ 1: ನೀವು ಯಾರ ನೀರಿನಲ್ಲಿ ನಿಂತಿದ್ದೀರಿ ಅಂತ ತಿಳಿದುಕೊಳ್ಳಿ

ಹೊಸಬರು ಮೊದಲು ಎಡವುವುದು ಇಲ್ಲೇ. ಪಾರ್ಕಿನೊಳಗೆ ಮೀನು ಹಿಡಿಯಲು ಪಾರ್ಕಿನ ಪರ್ಮಿಟ್ಟೇ ಬೇಕು. ಮೊಂಟಾನಾ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಪಾರ್ಕಿನ ಗೇಟು ದಾಟಿ ವೆಸ್ಟ್ ಯೆಲ್ಲೊಸ್ಟೋನ್ ಊರಿಗೆ ಬಂದರೆ ಪಾರ್ಕಿನ ಪರ್ಮಿಟ್ ಬರೀ ಕಾಗದ, ಮೊಂಟಾನಾ ಲೈಸೆನ್ಸ್ ಬೇಕು. ನದಿ ಒಂದೇ, ಕಾನೂನು ಎರಡು. ಪಾರ್ಕಿನಲ್ಲಿ 16 ವರ್ಷ ತುಂಬಿದ ಎಲ್ಲರಿಗೂ ಪರ್ಮಿಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳು ದುಡ್ಡು ಕೊಡಬೇಕಿಲ್ಲ, ಆದರೆ ನಿಯಮ ಅವರಿಗೂ ಅದೇ.

ಎರಡೂ ಕಡೆಯ ನಿಯಮ ಪುಸ್ತಕ ಪುಕ್ಕಟೆ ಸಿಗುತ್ತದೆ. ಪ್ರತಿವರ್ಷ ಸಣ್ಣಪುಟ್ಟ ಬದಲಾವಣೆ ಇರುತ್ತದೆ, ಹಾಗಾಗಿ ಕಳೆದ ವರ್ಷ ಹೋಗಿಬಂದ ಗೆಳೆಯ ಹೇಳಿದ್ದನ್ನು ನಂಬಿ ಹೊರಡಬೇಡಿ. ನೀವು ನಿಲ್ಲುವ ಜಾಗ ಯಾವ ಸೇತುವೆಯಿಂದ ಯಾವ ಸೇತುವೆಯ ನಡುವೆ ಬರುತ್ತದೆ ಅಂತ ನೋಡಿ ಆ ಸಾಲನ್ನು ಓದಿ. ಒಂದೇ ನದಿಯಲ್ಲಿ ಹತ್ತು ಮೈಲಿಗೆ ಒಂದು ನಿಯಮ ಇರಬಹುದು. ಉದಾಹರಣೆಗೆ ಕ್ವೇಕ್ ಲೇಕ್‌ನಿಂದ ಲಯನ್ಸ್ ಸೇತುವೆವರೆಗೆ ದೋಣಿಯಲ್ಲಿ ಹೋಗಬಹುದು, ಆದರೆ ದೋಣಿಯಲ್ಲಿ ಕೂತು ಗಾಳ ಹಾಕುವಂತಿಲ್ಲ. ಕೆಳಗಿಳಿದು ನೀರಲ್ಲಿ ನಿಂತೇ ಹಾಕಬೇಕು.

ಹಂತ 2: ಸಾಮಾನು

ಪಾರ್ಕಿನೊಳಗಿನ ಮ್ಯಾಡಿಸನ್‌ನಲ್ಲಿ ಫ್ಲೈ ಫಿಶಿಂಗ್ ಮಾತ್ರ. ಅಂದರೆ ಪುಕ್ಕ, ದಾರ, ಕೂದಲು ಕಟ್ಟಿ ಹುಳದ ಹಾಗೆ ಮಾಡಿದ ಗಾಳ. ಎರೆಹುಳು, ಬ್ರೆಡ್ಡಿನ ಉಂಡೆ, ಜೋಳ ಯಾವುದೂ ಇಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಮಕ್ಕಳಿಗೆ ಅಂತ ಸಿಗುವ ಅಗ್ಗದ ರಾಡಿನ ಸೆಟ್ಟು, ಮೂರು ಕೊಕ್ಕೆಯ ಗಾಳ ತಂದು ಇಲ್ಲಿ ಬೀಸಿದರೆ ನೇರ ನಿಯಮ ಭಂಗ. ಪಾಪ, ಬಹಳ ಜನ ಗೊತ್ತಿಲ್ಲದೆ ಮಾಡುತ್ತಾರೆ. ರೇಂಜರ್ ಬಂದು ಚೀಟಿ ಬರೆಯುವಾಗ ಗೊತ್ತಿಲ್ಲ ಅನ್ನೋ ಮಾತಿಗೆ ಬೆಲೆ ಇರೋದಿಲ್ಲ.

ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇರುತ್ತದಲ್ಲ, ಪಾರ್ಕಿನಲ್ಲಿ ಅದು ಇರಕೂಡದು. ಇಕ್ಕಳದಲ್ಲಿ ಹಿಡಿದು ಒತ್ತಿದರೆ ಮಟ್ಟಸವಾಗಿ ಮಡಚಿಕೊಳ್ಳುತ್ತದೆ. ಒತ್ತಿದ ಮೇಲೆ ಒಂದು ಹತ್ತಿ ಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ. ಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತೆ ಅಂತ ಹೆದರುತ್ತಾರೆ. ದಾರ ಬಿಗಿಯಾಗಿಟ್ಟುಕೊಂಡರೆ ಅಷ್ಟೇನೂ ತಪ್ಪುವುದಿಲ್ಲ. ಮುಳ್ಳು ತೆಗೆದ ಗಾಳ ನಿಮ್ಮ ಕಿವಿಗೇ ಚುಚ್ಚಿದಾಗಲೂ ಸಲೀಸಾಗಿ ಬರುತ್ತದೆ ಅನ್ನೋದು ಇನ್ನೊಂದು ಲಾಭ. ಗಾಳಿ ಬೀಸುವ ದಿನ ಹಾಗೆ ಆಗುತ್ತದೆ. ಪಾರ್ಕಿನ ಹೊರಗೂ ಇದನ್ನೇ ರೂಢಿ ಮಾಡಿಕೊಳ್ಳಿ.

ಗಾಳ ಮುಳುಗಲಿ ಅಂತ ದಾರಕ್ಕೆ ಕಟ್ಟುವ ಸೀಸದ ಗುಂಡು ಪಾರ್ಕಿನಲ್ಲಿ ನಿಷಿದ್ಧ. ಹಂಸ, ಬಾತುಗಳು ನುಂಗಿದರೆ ವಿಷವಾಗುತ್ತದೆ. ಶೂ ಅಡಿಗೆ ಕಂಬಳಿಯಂಥ ಫೆಲ್ಟ್ ಹಾಕಿದ್ದರೆ ಅದೂ ಬೇಡ. ಆ ಫೆಲ್ಟ್ ಒಣಗೋದೇ ಇಲ್ಲ. ಅದರೊಳಗೆ ರೋಗಾಣು, ಸಣ್ಣ ಬಸವನಹುಳು ಒಂದು ನದಿಯಿಂದ ಇನ್ನೊಂದಕ್ಕೆ ಸಾಗುತ್ತವೆ. ಪಾರ್ಕ್ 2018ರಲ್ಲಿ ಫೆಲ್ಟ್ ನಿಷೇಧಿಸಿತು. ಇದಕ್ಕೆ ಹಿನ್ನೆಲೆ ಇದೆ. 1994ರ ಕೊನೆಯಲ್ಲಿ ಮ್ಯಾಡಿಸನ್‌ನಲ್ಲಿ ವರ್ಲಿಂಗ್ ಡಿಸೀಸ್ ಎಂಬ ರೋಗ ಪತ್ತೆಯಾಯಿತು. ಮರಿ ಮೀನಿನ ಮೃದು ಎಲುಬನ್ನು ಹಾಳುಮಾಡಿ, ಅದು ಬಾಲ ಹಿಡಿಯಲು ಹೋದಂತೆ ಸುತ್ತುತ್ತಾ ಸಾಯುವ ಹಾಗೆ ಮಾಡುವ ಪರಾವಲಂಬಿಯಿಂದ ಬರುವ ರೋಗ ಅದು. ನದಿಯ ಕೆಲವು ಭಾಗದಲ್ಲಿ ರೇನ್‌ಬೋ ಟ್ರೌಟ್ ಸಂಖ್ಯೆ ಹತ್ತರಲ್ಲಿ ಒಂದಕ್ಕೆ ಇಳಿಯಿತು. ಮೊಂಟಾನಾ 1974ರಲ್ಲೇ ನದಿಗಳಿಗೆ ಸಾಕಿದ ಟ್ರೌಟ್ ತಂದು ಬಿಡುವುದನ್ನು ನಿಲ್ಲಿಸಿದ ರಾಜ್ಯ. ಅಂದರೆ ಸತ್ತ ಮೀನಿನ ಜಾಗ ತುಂಬಲು ಹ್ಯಾಚರಿಯಿಂದ ಲಾರಿ ಬರೋದಿಲ್ಲ. ನದಿ ತಾನೇ ಹುಟ್ಟಿಸಬೇಕು.

ಇನ್ನು ಬೇಕಾಗೋದು: ರಬ್ಬರ್ ಬಲೆಯ ಲ್ಯಾಂಡಿಂಗ್ ನೆಟ್ (ಮೀನನ್ನು ಹಿಡಿದುಕೊಳ್ಳುವ ಕೈಬಲೆ), ಉದ್ದ ಮೂತಿಯ ಸಣ್ಣ ಇಕ್ಕಳ, ನೀರಿನ ಥರ್ಮಾಮೀಟರ್. ಗಂಟು ಹಾಕಿದ ನೈಲಾನ್ ಬಲೆ ಮೀನಿನ ಲೋಳೆ ಕೀಳುತ್ತದೆ, ರೆಕ್ಕೆ ಹರಿಯುತ್ತದೆ. ದಾರ ತೀರಾ ತೆಳ್ಳಗಿನದು ಬೇಡ. ಮೀನನ್ನು ಬೇಗ ಎಳೆದುಕೊಳ್ಳುವಷ್ಟು ಗಟ್ಟಿ ಇರಬೇಕು.

ಹಂತ 3: ನೀರಿನ ಬಿಸಿ ಅಳೆಯಿರಿ

ಟ್ರೌಟ್ ತಣ್ಣೀರಿನ ಮೀನು. ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿನ ಒಳಗಿನ ಬೇಡಿಕೆ ಮಾತ್ರ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂತೆಂದರೆ ನಾನು ದಾರ ಸುತ್ತಿಕೊಳ್ಳುತ್ತೇನೆ, ನೀವೂ ಹಾಗೇ ಮಾಡಿ. ಬಿಸಿನೀರ ಬುಗ್ಗೆಗಳ ನೀರು ಹರಿದು ಬರುವ ಫೈರ್‌ಹೋಲ್‌ನಿಂದಾಗಿ ಮೇಲಿನ ಮ್ಯಾಡಿಸನ್ ಜುಲೈ, ಆಗಸ್ಟ್‌ನಲ್ಲಿ ಬೇಗ ಕಾಯುತ್ತದೆ.

ಬೇಸಿಗೆ ಜೋರಾದಾಗ ಮೊಂಟಾನಾದಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಮೀನು ಹಿಡಿಯುವುದನ್ನು ನಿಲ್ಲಿಸುವ ಆದೇಶ ಬರುತ್ತದೆ. ಅಲ್ಲಿನವರು ಇದಕ್ಕೆ ಹೂಟ್ ಔಲ್ ಅನ್ನುತ್ತಾರೆ. ಪಾರ್ಕಿನಲ್ಲೂ ಮಧ್ಯಾಹ್ನ 2ರ ನಂತರ ನದಿ ಮುಚ್ಚುವುದುಂಟು. ಆದೇಶ ಬರದಿದ್ದರೂ ಥರ್ಮಾಮೀಟರ್ ಸುಳ್ಳು ಹೇಳೋದಿಲ್ಲ. ಕಾನೂನು ಬಿಟ್ಟಿದೆ ಅಂತ ಬಿಸಿನೀರಲ್ಲಿ ಮೀನು ಎಳೆದಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅವರ ಕೈಯಿಂದ ಈಜಿಕೊಂಡು ಹೋದ ಮೀನು ಸ್ವಲ್ಪ ದೂರದಲ್ಲಿ ತಳ ಸೇರಿ ಸತ್ತಿರುತ್ತದೆ. ಅವರಿಗೆ ಕಾಣಿಸೋದಿಲ್ಲ ಅಷ್ಟೆ.

ಹಂತ 4: ನದಿಗೆ ಇಳಿಯುವುದು

ಮೊಂಟಾನಾದಲ್ಲಿ ಒಂದು ಒಳ್ಳೆಯ ಕಾನೂನಿದೆ. 1984ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 1985ರಲ್ಲಿ ಅದು ಕಾನೂನಾಯಿತು. ನದಿಯ ನೀರು ಸಹಜವಾಗಿ ಏರುವ ಗುರುತಿನೊಳಗೆ ಯಾರು ಬೇಕಾದರೂ ನಡೆಯಬಹುದು, ಎರಡೂ ದಡ ಖಾಸಗಿ ಜಮೀನಾಗಿದ್ದರೂ ಸರಿ. ಆದರೆ ಆ ಜಮೀನು ಹಾದು ನದಿಗೆ ಬರುವ ಹಕ್ಕು ಇಲ್ಲ. ಸಾರ್ವಜನಿಕ ಸೇತುವೆ ಅಥವಾ ರಾಜ್ಯದವರು ಮಾಡಿಟ್ಟ ಜಾಗದಲ್ಲಿ ಇಳಿದು, ನೀರಿನ ಗುರುತಿನೊಳಗೇ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಯಾರದೋ ಹುಲ್ಲುಗಾವಲು ಅಡ್ಡದಾರಿ ಅಂತ ಕಂಡರೂ ಬೇಲಿ ಹಾರಬೇಡಿ. ಜಮೀನಿನವರು ಒಪ್ಪಿ ಬಿಟ್ಟ ಗೇಟಾದರೆ ತೆರೆದಿದ್ದನ್ನು ತೆರೆದೇ ಇಡಿ, ಮುಚ್ಚಿದ್ದನ್ನು ಮುಚ್ಚಿ ಹೋಗಿ.

ನೀರು ಕಂಡ ತಕ್ಷಣ ನಡುಮಧ್ಯಕ್ಕೆ ನಡೆದುಬಿಡುತ್ತಾರೆ. ಮ್ಯಾಡಿಸನ್‌ನಲ್ಲಿ ಅನೇಕ ಕಡೆ ದೊಡ್ಡ ಬ್ರೌನ್ ಟ್ರೌಟ್ ದಡಕ್ಕೆ ಅಂಟಿಕೊಂಡೇ ಇರುತ್ತದೆ, ಮೊಣಕಾಲು ಮುಳುಗದ ನೀರಿನಲ್ಲಿ. ಹತ್ತು ಹೆಜ್ಜೆ ಹಿಂದೆ ನಿಂತು ಎರಡು ನಿಮಿಷ ಸುಮ್ನೆ ನೋಡಿ, ಆಮೇಲೆ ಇಳಿಯಿರಿ.

ಕಾಲಿಡುವ ಜಾಗವನ್ನೂ ನೋಡಬೇಕು. ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಮತ್ತು ಕಟ್‌ಥ್ರೋಟ್ ಟ್ರೌಟ್ ವಸಂತದಲ್ಲಿ ಮೊಟ್ಟೆ ಇಡುತ್ತವೆ. ಹೆಣ್ಣು ಮೀನು ಬಾಲದಿಂದ ಕಲ್ಲು ಕೆದಕಿ ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮೇಲೆ ಮತ್ತೆ ಸಣ್ಣ ಕಲ್ಲು ಮುಚ್ಚುತ್ತದೆ. ಸುತ್ತಲಿನ ಕಲ್ಲೆಲ್ಲ ಪಾಚಿ ಕಟ್ಟಿ ಕಂದಾಗಿರುವಾಗ ಆ ಜಾಗ ಮಾತ್ರ ತಿಕ್ಕಿ ತೊಳೆದ ಹಾಗೆ ಬೆಳ್ಳಗೆ, ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಅದರ ಮೇಲೆ ಒಂದು ಹೆಜ್ಜೆ ಇಟ್ಟರೆ ಕೆಳಗಿನ ಮೊಟ್ಟೆಗಳು ಅಲ್ಲೇ ಅಪ್ಪಚ್ಚಿ. ಗುಂಡಿಯ ಮೇಲೆ ಕಾವಲು ನಿಂತ ಮೀನಿಗೆ ಗಾಳ ಹಾಕುವುದು ಕೆಲವು ಕಡೆ ಕಾನೂನು ಪ್ರಕಾರ ತಪ್ಪಲ್ಲದೇ ಇರಬಹುದು. ಆದರೂ ಮಾಡಬಾರದು. ಹೆರಿಗೆ ಮನೆಗೆ ನುಗ್ಗಿದ ಹಾಗೆ ಅದು.

ದಡದಲ್ಲಿ ಬೈಸನ್ ಮೇಯುತ್ತಿದ್ದರೆ ನೀವೇ ಜಾಗ ಬಿಡಿ. ಪಾರ್ಕಿನಲ್ಲಿ ಬೈಸನ್‌ನಿಂದ 23 ಮೀಟರ್, ಕರಡಿ ಮತ್ತು ತೋಳದಿಂದ 91 ಮೀಟರ್ ದೂರ ಇರಲೇಬೇಕು. ಕರಡಿ ಓಡಿಸುವ ಸ್ಪ್ರೇ ಸೊಂಟದಲ್ಲಿರಲಿ, ಬ್ಯಾಗಿನೊಳಗಲ್ಲ.

ಹಂತ 5: ಪಕ್ಕದವರ ಜೊತೆ

ಇದನ್ನು ಯಾವ ಪುಸ್ತಕವೂ ದಂಡ ಹಾಕಿ ಕಲಿಸುವುದಿಲ್ಲ. ಹಾಗಾಗಿ ನದಿಯ ಮೇಲೆ ನಡೆಯುವ ಜಗಳದಲ್ಲಿ ಮುಕ್ಕಾಲು ಪಾಲು ಇದರಿಂದಲೇ.

ಮೊದಲು ಬಂದವರದ್ದು ಆ ನೀರು. ಅವರು ಗಾಳ ಹಾಕದೆ ದಡದಲ್ಲಿ ಕೂತಿದ್ದರೂ ಅವರದ್ದೇ, ಬೆದರಿದ ಮೀನು ಶಾಂತವಾಗಲಿ ಅಂತ ಕಾಯುತ್ತಿರಬಹುದು. ಹತ್ತಿರ ಹೋಗಬೇಕಾದರೆ ದಡದ ಮೇಲಿನಿಂದ, ನೀರಿನಿಂದ ದೂರವಾಗಿ ಹೋಗಿ. ಯಾವ ಕಡೆಗೆ ಹೋಗುತ್ತಿದ್ದೀರಿ ಅಂತ ಕೇಳಿ, ಎಲ್ಲಿ ಇಳಿದರೆ ನಿಮಗೆ ತೊಂದರೆ ಇಲ್ಲ ಅಂತಲೂ ಕೇಳಿ. ಮೇಲ್ಮುಖವಾಗಿ ಸಾಗುತ್ತಿರುವವರ ಎದುರಿಗೆ ಹೋಗಿ ಇಳಿಯುವುದು ಅಥವಾ ಕೆಳಮುಖವಾಗಿ ಬರುತ್ತಿರುವವರ ಕೆಳಗೆ ನುಗ್ಗುವುದು, ಎರಡೂ ಅವರ ಮುಂದಿನ ಒಂದು ಗಂಟೆಯನ್ನು ಕಿತ್ತುಕೊಂಡಂತೆ. ಎಷ್ಟು ದೂರ ಬಿಡಬೇಕು? ಅವರು ಬೀಸುವ ದಾರ ನಿಮಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ.

ಇದಕ್ಕೊಂದು ಅಪವಾದ ಇದೆ, ತಿಳಿದುಕೊಳ್ಳಬೇಕಾದ್ದು. ಶರತ್ಕಾಲದಲ್ಲಿ ಹೆಬ್ಗೆನ್ ಜಲಾಶಯದಿಂದ ದೊಡ್ಡ ಬ್ರೌನ್ ಟ್ರೌಟ್‌ಗಳು ಮೊಟ್ಟೆ ಇಡಲು ಪಾರ್ಕಿನ ಕಡೆಗೆ ಮೇಲೇರುತ್ತವೆ. ಆಗ ಬಾರ್ನ್ಸ್ ಪೂಲ್ಸ್ ಎಂಬ ಗುಂಡಿಗಳ ಬಳಿ ಜನ ಸೇರುತ್ತಾರೆ. ಅಲ್ಲಿ ಸರದಿ ಪದ್ಧತಿ. ಹೊಸದಾಗಿ ಬಂದವರು ಗುಂಡಿಯ ತಲೆಯಲ್ಲಿ, ಎಲ್ಲರ ಹಿಂದೆ ಸೇರಬೇಕು. ಒಂದು ಸಲ ಬೀಸಿ, ದಾರ ತೇಲಿ ಮುಗಿದ ಮೇಲೆ ಒಂದೆರಡು ಹೆಜ್ಜೆ ಕೆಳಗೆ. ಮತ್ತೆ ಬೀಸಿ, ಮತ್ತೆ ಹೆಜ್ಜೆ. ಗುಂಡಿಯ ತುದಿ ಮುಟ್ಟಿದ ಮೇಲೆ ದಡ ಹತ್ತಿ ಬಂದು ಸಾಲಿನ ಹಿಂದೆ ನಿಲ್ಲಬೇಕು. ಮೀನು ಸಿಕ್ಕ ಜಾಗ ಅಂತ ಅಲ್ಲೇ ಬೇರು ಬಿಟ್ಟು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಪಕ್ಕದವರಿಗೆ ಮೀನು ಸಿಕ್ಕಿದರೆ ನಿಮ್ಮ ದಾರ ಎಳೆದುಕೊಂಡು ಜಾಗ ಕೊಡಿ. ಹೇಗೆ ನಡೆಯುತ್ತಿದೆ ಅಂತ ಗೊತ್ತಾಗದಿದ್ದರೆ ಬಾಯಿಬಿಟ್ಟು ಕೇಳಿ. ಕೇಳಿದವರಿಗೆ ಅಲ್ಲಿನ ಹಳಬರು ಖುಷಿಯಿಂದಲೇ ಹೇಳುತ್ತಾರೆ.

ದೋಣಿಯಲ್ಲಿದ್ದರೆ, ನೀರಲ್ಲಿ ನಿಂತವರ ಬೆನ್ನ ಹಿಂದಿನಿಂದ ಹೋಗಲು ಆಳ ಇದೆಯಾ ನೋಡಿ. ಇಲ್ಲದಿದ್ದರೆ ಆದಷ್ಟು ದೂರದಿಂದ, ಗಾಳ ಎತ್ತಿಕೊಂಡು, ಸದ್ದಿಲ್ಲದೆ ದಾಟಿ.

ಹಂತ 6: ಮೀನು ಸಿಕ್ಕಿತು, ಈಗ?

ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ, ಆಮೇಲೆ ಗಾಳಿಗೆ ಎತ್ತಿ ಹಿಡಿದು ನೋಡಿದರು. ಬರೀ ಓಡಿಸಿದ ಮೀನುಗಳಲ್ಲಿ 100ಕ್ಕೆ 12 ಸತ್ತವು. 30 ಸೆಕೆಂಡ್ ಗಾಳಿಗೆ ಹಿಡಿದವುಗಳಲ್ಲಿ 38. ಒಂದು ನಿಮಿಷ ಹಿಡಿದವುಗಳಲ್ಲಿ 72. ನಿಜವಾದ ನದಿಗಳಲ್ಲಿ ಆಮೇಲೆ ನಡೆದ ಅಧ್ಯಯನಗಳಲ್ಲಿ ಸಾವು ಇದಕ್ಕಿಂತ ತುಂಬ ಕಡಿಮೆ ಕಂಡದ್ದೂ ಇದೆ. ಅಲ್ಲಿನ ಮೀನುಗಳನ್ನು ಅಷ್ಟು ದಣಿಸಿರಲಿಲ್ಲ, ನೀರೂ ತಣ್ಣಗಿತ್ತು. ಎರಡನ್ನೂ ಸೇರಿಸಿ ಓದಿದರೆ ನಮಗೆ ಬೇಕಾದ್ದು ಸಿಗುತ್ತದೆ: ಬೇಗ ಎಳೆದುಕೊಳ್ಳಿ, ತಣ್ಣೀರಲ್ಲಿ ಹಿಡಿಯಿರಿ, ಹೊರಗೆ ಎತ್ತಬೇಡಿ.

ಮೀನು ಕಚ್ಚಿದ ಮೇಲೆ ರಾಡನ್ನು ಮೇಲಕ್ಕೆತ್ತಿ ಆಟವಾಡಿಸುತ್ತಾ ನಿಲ್ಲಬೇಡಿ. ರಾಡನ್ನು ಪಕ್ಕಕ್ಕೆ ಬಾಗಿಸಿ, ಮೀನು ಎಡಕ್ಕೆ ಹೋದರೆ ಬಲಕ್ಕೆ ಒತ್ತಡ ಕೊಡಿ. ದಣಿವು ಮುಟ್ಟುವ ಮೊದಲೇ ಬೇಗ ಹತ್ತಿರ ಬರುತ್ತದೆ. ನೆಟ್ಟನ್ನು ನೀರಲ್ಲಿ ಮುಳುಗಿಸಿಟ್ಟು, ಮೀನಿನ ತಲೆ ಅದರ ಮೇಲೆ ಬಂದಾಗ ಎತ್ತಿ. ಎತ್ತೋದು ಅಂದರೆ ನೀರಿನ ಮೇಲಕ್ಕಲ್ಲ, ಅಂಚು ಮಾತ್ರ ಮೇಲೆ ಬಂದರೆ ಸಾಕು. ಮೀನು ನೆಟ್ಟಿನೊಳಗೆ ನೀರಲ್ಲೇ ಇರಬೇಕು.

ಕೈ ಒದ್ದೆ ಮಾಡಿಕೊಳ್ಳಿ. ಒಣಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆ ಜಾಗಕ್ಕೆ ಆಮೇಲೆ ಬೂಸು ಹಿಡಿಯುತ್ತದೆ. ಒಂದು ಕೈಯಲ್ಲಿ ಮೀನನ್ನು ಹೊಟ್ಟೆಯ ಕೆಳಗಿನಿಂದ ಹಗುರವಾಗಿ ಆಧರಿಸಿ, ಇನ್ನೊಂದು ಕೈಯ ಇಕ್ಕಳದಿಂದ ಗಾಳದ ಬಾಗಿದ ಭಾಗವನ್ನೇ ಹಿಡಿದು, ಚುಚ್ಚಿದ ದಿಕ್ಕಿಗೆ ವಿರುದ್ಧವಾಗಿ ತಳ್ಳಿ. ಮುಳ್ಳು ಒತ್ತಿದ್ದರೆ ಟಕ್ ಅಂತ ಬರುತ್ತದೆ, ಮೀನನ್ನು ಹಿಸುಕುವ ಪ್ರಮೇಯವೇ ಇರುವುದಿಲ್ಲ. ಗಾಳ ಗಂಟಲಲ್ಲಿ ಇಳಿದಿದ್ದರೆ ಕೆದಕಬೇಡಿ, ದಾರ ಕತ್ತರಿಸಿ ಬಿಟ್ಟುಬಿಡಿ. ಕಿವಿರಿನೊಳಗೆ ಬೆರಳು ಹಾಕಬಾರದು. ದಡದ ಕಲ್ಲಿನ ಮೇಲೆ, ಹುಲ್ಲಿನ ಮೇಲೆ ಮಲಗಿಸಬಾರದು.

ಫೋಟೋ ಬೇಕೇ ಬೇಕು ಅಂದರೆ ಮೀನು ನೀರಲ್ಲಿರುವಾಗಲೇ ತೆಗೆಯಿರಿ, ಅದರ ಚುಕ್ಕೆ, ಬಣ್ಣ ಚೆನ್ನಾಗಿ ಕಾಣೋದೂ ಆಗಲೇ. ಎತ್ತಲೇಬೇಕು ಅಂದರೆ ಕ್ಯಾಮೆರಾದವರು ಮೊದಲು ತಯಾರಾಗಲಿ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಮತ್ತೆ ನೀರಿಗೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅದೇ ಮೀನನ್ನು ಕೈಗೆತ್ತಿಕೊಂಡು ಫೋಟೋ ಹೊಡೆಸಿಕೊಳ್ಳುವುದು ಮಾತ್ರ ದಯವಿಟ್ಟು ಬೇಡ.

ಬಿಡುವಾಗ ಮೀನಿನ ಮುಖ ಹರಿವಿಗೆ ಎದುರಾಗಿರಲಿ. ಬಾಲದ ಬುಡವನ್ನು ಸಡಿಲವಾಗಿ ಹಿಡಿದು, ಸಾಧಾರಣ ಹರಿವಿನಲ್ಲಿ ನಿಲ್ಲಿಸಿ. ಹಿಂದೆ ಮುಂದೆ ಜಗ್ಗಬೇಡಿ, ಕಿವಿರೊಳಗೆ ನೀರು ಒಂದೇ ದಿಕ್ಕಿಗೆ ಹರಿಯಬೇಕು. ಬಾಯಿ, ಕಿವಿರು ತೆರೆದು ಮುಚ್ಚುವುದು ಒಂದು ಲಯಕ್ಕೆ ಬರುತ್ತದೆ. ಆಮೇಲೆ ಬಾಲ ನಿಮ್ಮ ಬೆರಳನ್ನು ದೂಡುತ್ತದೆ. ಅದೇ ಹೊರಡುವವರೆಗೆ ಕಾಯಿರಿ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಮೀನು ಸಾಯುತ್ತದೆ. ಬಿಡಲೇಬೇಕಾದ ಮೀನಾದರೆ ಸತ್ತರೂ ಮನೆಗೆ ಒಯ್ಯುವಂತಿಲ್ಲ. ವ್ಯರ್ಥ ಅಲ್ವಾ ಅನಿಸುತ್ತದೆ. ಆದರೆ ಸತ್ತಿತ್ತು ಅನ್ನೋ ನೆಪಕ್ಕೆ ಒಮ್ಮೆ ದಾರಿ ಬಿಟ್ಟರೆ ಎಲ್ಲರ ಬುಟ್ಟಿಯಲ್ಲೂ ಸತ್ತ ಮೀನೇ ಇರುತ್ತದೆ. ನದಿಗೇ ಬಿಡಿ. ಹದ್ದು, ನೀರುನಾಯಿ ತಿನ್ನುತ್ತವೆ.

ಕೊಲ್ಲಲೇಬೇಕಾದ ಕಡೆಯೂ ಇದೆ

ಹಿಡಿದು ಬಿಡುವುದೇ ಧರ್ಮ ಅಂದುಕೊಂಡು ಅದೇ ಪಾರ್ಕಿನ ಈಶಾನ್ಯ ಮೂಲೆಗೆ ಹೋದರೆ ನಿಯಮ ತಿರುಗಿಬೀಳುತ್ತದೆ. ಪಾರ್ಕಿನ ಮೂಲ ಮೀನುಗಳಾದ ಕಟ್‌ಥ್ರೋಟ್ ಟ್ರೌಟ್, ಆರ್ಕ್‌ಟಿಕ್ ಗ್ರೇಲಿಂಗ್, ಮೌಂಟನ್ ವೈಟ್‌ಫಿಶ್‌ಗಳನ್ನು ಎಲ್ಲಿ ಸಿಕ್ಕರೂ ಬಿಡಬೇಕು. ರೇನ್‌ಬೋ, ಬ್ರೌನ್ ಎರಡೂ ಹೊರಗಿನಿಂದ ತಂದವು. ಮ್ಯಾಡಿಸನ್‌ನಲ್ಲಿ ಅವು ನೆಲೆನಿಂತು ತಲೆಮಾರುಗಳಾದವು, ಅವನ್ನೂ ಬಿಡುತ್ತೇವೆ. ಆದರೆ ಲಮಾರ್ ನದಿಯ ಮೇಲ್ಭಾಗ ಮತ್ತು ಅದರ ಉಪಹೊಳೆಗಳಲ್ಲಿ ರೇನ್‌ಬೋ ಸಿಕ್ಕರೆ ಕೊಲ್ಲಲೇಬೇಕು, ಏಕೆಂದರೆ ಅದು ಕಟ್‌ಥ್ರೋಟ್ ಜೊತೆ ಕೂಡಿ ಆ ತಳಿಯನ್ನೇ ಅಳಿಸುತ್ತದೆ. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಪತ್ತೆಯಾದ ಲೇಕ್ ಟ್ರೌಟ್‌ಗೂ ಅದೇ ಗತಿ. ಹಾಗಾಗಿ ಮೀನು ಗುರುತಿಸಲು ಬರಬೇಕು. ದವಡೆಯ ಕೆಳಗೆ ಕೆಂಪು ಗೀರು ಇದ್ದರೆ ಕಟ್‌ಥ್ರೋಟ್. ಗೀರೂ ಇದ್ದು ರೇನ್‌ಬೋ ಲಕ್ಷಣವೂ ಇದ್ದರೆ ಬೆರಕೆ ಇರಬಹುದು. ಅನುಮಾನ ಬಂದರೆ ಬಿಟ್ಟುಬಿಡಿ.

ಹಂತ 7: ನಿಯಮ ಮುರಿಯುವವರು ಕಂಡರೆ

ಮೊದಲು ಬೇರ್ಪಡಿಸಿ ನೋಡಿ. ನಿಮ್ಮ ಕೆಳಗೆ ಬಂದು ಇಳಿದವರು ಒರಟರು ಇರಬಹುದು, ಅಪರಾಧಿಗಳಲ್ಲ. ಅದಕ್ಕೆ ರೇಂಜರ್ ಬರುವುದಿಲ್ಲ. ಸಮಾಧಾನವಾಗಿ ಹೇಳಿ ನೋಡಿ, ಕೇಳದಿದ್ದರೆ ನೀವೇ ಬೇರೆ ಕಡೆ ಹೋಗಿ. ಕೂಗಾಡಿದರೆ ಮೀನೂ ಇಲ್ಲ, ನೆಮ್ಮದಿಯೂ ಇಲ್ಲ.

ತಿಳಿಯದೆ ತಪ್ಪು ಮಾಡುವವರದ್ದು ಇನ್ನೊಂದು ಬಗೆ. ಮಗುವಿನ ಕೈಯಲ್ಲಿ ಎರೆಹುಳು ಕಟ್ಟಿದ ರಾಡು, ಪಕ್ಕದಲ್ಲಿ ಅಪ್ಪ. ಇಂಥವರ ಹತ್ತಿರ ಹೋಗಿ, ಈ ಜಾಗದಲ್ಲಿ ಫ್ಲೈ ಮಾತ್ರ ಬಿಡ್ತಾರಂತೆ, ದಂಡ ಬೀಳಬಹುದು ಅಂತ ಹೇಳಿ. ಎಲ್ಲಿ ಹುಳು ಹಾಕಬಹುದು ಅಂತ ಗೊತ್ತಿದ್ದರೆ ಅದನ್ನೂ ಹೇಳಿ. ನಮ್ಮವರೇ ಆದರೆ ಕನ್ನಡದಲ್ಲೇ ಹೇಳಿ, ಬೇಗ ಮನಸ್ಸಿಗೆ ತಾಗುತ್ತದೆ.

ಬೇಕಂತಲೇ ಮಾಡುವವರು ಬೇರೆ. ಮುಚ್ಚಿದ ಹೊತ್ತಿನಲ್ಲಿ ಹಿಡಿಯುವುದು, ಟ್ರೌಟ್ ಚೀಲಕ್ಕೆ ತುಂಬುವುದು, ಮೊಟ್ಟೆ ಇಡುವ ಗುಂಡಿಯ ಮೇಲಿನ ಮೀನನ್ನು ಮೈಗೆ ಗಾಳ ಸಿಕ್ಕಿಸಿ ಎಳೆಯುವುದು. ಇವರ ಎದುರಿಗೆ ಹೋಗಬೇಡಿ. ಅಲ್ಲಿ ಅನೇಕರ ಹತ್ತಿರ ಬಂದೂಕು ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ದೂರದಿಂದ ಗಮನಿಸಿ. ಜಾಗ, ಸಮಯ, ಎಷ್ಟು ಜನ, ಯಾವ ಬಟ್ಟೆ, ಗಾಡಿಯ ಬಣ್ಣ ಮತ್ತು ನಂಬರ್ ಬರೆದುಕೊಳ್ಳಿ. ಸಾಧ್ಯವಾದರೆ ದೂರದಿಂದ ಒಂದು ಫೋಟೋ. ಮೊಂಟಾನಾದಲ್ಲಿ ಟಿಪ್-ಮಾಂಟ್ ಎಂಬ ದೂರು ಸಂಖ್ಯೆ ಇದೆ: 1-800-847-6668. ಹೆಸರು ಹೇಳದೆಯೂ ದೂರು ಕೊಡಬಹುದು. ಪಾರ್ಕಿನೊಳಗಾದರೆ ಹತ್ತಿರದ ರೇಂಜರ್ ಠಾಣೆಗೆ ತಿಳಿಸಿ. ಕಂಡದ್ದನ್ನು ಮಾತ್ರ ಹೇಳಿ, ಊಹೆ ಸೇರಿಸಬೇಡಿ. ತಪ್ಪು ಸಾಬೀತಾದರೆ ದಂಡದ ಜೊತೆ ಲೈಸೆನ್ಸೂ ಹೋಗಬಹುದು. ರಾಜ್ಯಗಳ ನಡುವೆ ಒಪ್ಪಂದ ಇರುವುದರಿಂದ ಮೊಂಟಾನಾದಲ್ಲಿ ರದ್ದಾದದ್ದು ಬೇರೆ ರಾಜ್ಯಗಳಲ್ಲೂ ರದ್ದಾದಂತೆ.

ದೂರು ಕೊಡೋದು ಚಾಡಿ ಹೇಳಿದಂತೆ ಅಂತ ಕೆಲವರಿಗೆ ಅನಿಸುತ್ತದೆ. 2021ರ ನವೆಂಬರ್ 30ರಂದು ಹೆಬ್ಗೆನ್ ಅಣೆಕಟ್ಟಿನ ಗೇಟಿನ ಭಾಗವೊಂದು ಮುರಿದು ಮ್ಯಾಡಿಸನ್‌ನ ಹರಿವು ಒಮ್ಮೆಲೇ ಇಳಿಯಿತು. ಪಕ್ಕದ ಕವಲುಗಳು ಒಣಗತೊಡಗಿದವು. ಸುತ್ತಲಿನ ಜನ ಚಳಿಯಲ್ಲಿ ಬಕೆಟ್ ಹಿಡಿದು ಬಂದು, ಸಿಕ್ಕಿಬಿದ್ದ ಮೀನುಗಳನ್ನು ಒಂದೊಂದಾಗಿ ಹೊತ್ತು ಮುಖ್ಯ ಹರಿವಿಗೆ ಬಿಟ್ಟರು. ಯಾರೂ ಸಂಬಳಕ್ಕೆ ಬಂದವರಲ್ಲ. ಅವರು ಉಳಿಸಿದ ಮೀನನ್ನು ಇನ್ನೊಬ್ಬ ಚೀಲಕ್ಕೆ ತುಂಬುವುದನ್ನು ಕಂಡು ಸುಮ್ಮನಿರುವುದೇ ನನಗೆ ತಪ್ಪಾಗಿ ಕಾಣುತ್ತದೆ.

ಹಂತ 8: ಹೊರಡುವ ಮುನ್ನ

ಶೂ, ನೆಟ್ಟು, ವೇಡರ್ಸ್ (ನೀರಿಗಿಳಿಯಲು ಹಾಕುವ ಉಡುಪು) ಎಲ್ಲದರ ಮಣ್ಣು, ಪಾಚಿ ಉಜ್ಜಿ ತೆಗೆಯಿರಿ. ನೀರು ಬಸಿದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮರುದಿನವೇ ಬೇರೆ ನದಿಗೆ ಹೋಗುವುದಿದ್ದರೆ ಬಾಡಿಗೆಗೆ ಇನ್ನೊಂದು ಜೊತೆ ತೆಗೆದುಕೊಳ್ಳುವುದು ವಾಸಿ. ಕತ್ತರಿಸಿದ ದಾರದ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಬನ್ನಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತವೆ. ದೊಡ್ಡ ಮೀನಿನ ಫೋಟೋ ಹಾಕುವಾಗ ನದಿಯ ಹೆಸರು ಹೇಳಿದರೆ ಸಾಕು, ಯಾವ ತಿರುವು, ಯಾವ ಬಂಡೆ ಅಂತ ಬೇಡ. ಮಾರನೇ ವಾರ ಅಲ್ಲಿ ಇಪ್ಪತ್ತು ಗಾಡಿ ನಿಂತಿರುತ್ತವೆ.